ಅರೂನಾನ ಹಿತ್ತಲಲ್ಲಿ ಮುಪ್ಪಾದ ಮುಖವಾಡಗಳು

ಫುಂಬಾನ್ ಊರಿನ ಇದ್ರಿಸು ಪೆಫೂರಾ ನಲವತ್ತು ವರ್ಷ ಮುಖವಾಡ ಕೆತ್ತಿದವನು. ಅವುಗಳನ್ನು ನಮ್ಮ ದುವಾಲಾ ನಗರದ ಕರಕುಶಲ ಮಾರುಕಟ್ಟೆಯಲ್ಲಿ ಮಾರುತ್ತಿದ್ದವನು ಅವನೂರಿನವನೇ ಆದ ಅರೂನಾ. ನಾನು ಪಕ್ಕದಲ್ಲೇ ಮೀನು ಸುಟ್ಟು ಮಾರುತ್ತೇನೆ. ಆ ಅಂಗಡಿಯ ಹಿತ್ತಲಿನ ನಾತ ನನಗೆ ಅಭ್ಯಾಸವಾಗಿತ್ತು. ಇದ್ರಿಸು ಅಲ್ಲಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹೋದ ವರ್ಷ, ಇಲ್ಲಿರುವ ಮಗಳಿಗೆ ಮಗುವಾಯಿತೆಂದು ಬಂದವನು ಅರೂನಾನನ್ನು ಹುಡುಕಿಕೊಂಡು ನೇರ ಹಿತ್ತಲಿಗೇ ಹೋದ. ಅಲ್ಲೊಂದು ಗುಂಡಿ. ಕೋಳಿ ಹಿಕ್ಕೆ, ಕೊಳೆತ ಮೊಟ್ಟೆ, ಮುಗ್ಗಿದ ತಾಳೆ ಎಣ್ಣೆ, ಅದರ ಮೇಲೆ ಕೆಲಸದವರ ಉಚ್ಚೆ. ಅದರೊಳಗೆ ಮೂರು ತಿಂಗಳು ಹೂತಿಟ್ಟರೆ ಮರಕ್ಕೆ ನೂರು ವರ್ಷದ ಮುಪ್ಪು ಬರುತ್ತದೆ. ಇದ್ರಿಸು ಒಂದು ಮುಖವಾಡ ಎತ್ತಿ ಅಂಗಿಯ ತುದಿಯಿಂದ ಒರೆಸಿದ. ಉಬ್ಬಿದ ಕೆನ್ನೆ, ಎಡಹುಬ್ಬಿನ ಮೇಲೆ ಗಾಯದ ಗುರುತು. ತೀರಿಹೋದ ಅಕ್ಕನನ್ನು ನೆನೆದು ಅವನೇ ಕೆತ್ತಿದ ಮುಖ ಅದು. ಮೂಗಿನ ಹೊಳ್ಳೆಯಿಂದ ಬಿಳಿ ಹುಳ ಇಣುಕಿತು. ಅವನು ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಅರೂನಾ ಬಂದು ಬೆನ್ನು ಸವರಿದ.

"ಇದ್ರಿಸಣ್ಣ, ಹೊಸ ಮರ ಯಾರಿಗೆ ಬೇಕು ಹೇಳು? ಕೊಳ್ಳೋರಿಗೆ ಸತ್ತೋರ ವಾಸನೆ ಬೇಕು. ನಾನು ಅದನ್ನೇ ಕೊಡ್ತೀನಿ."

ಅಷ್ಟರಲ್ಲಿ ಫ್ರಾನ್ಸಿನ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಅರೂನಾ ಅದೇ ಮುಖವಾಡವನ್ನು ಮೇಲಷ್ಟೇ ತೊಳೆದು ಅವಳ ಕೈಗಿಟ್ಟ. ಇದ್ರಿಸುವನ್ನೂ ಎಳೆದು ತಂದು, ಈತ ಅರಸರ ಮನೆತನದವನು, ಹೊಟ್ಟೆಪಾಡಿಗೆ ಮುತ್ತಜ್ಜನ ಮುಖವಾಡ ಮಾರುತ್ತಿದ್ದಾನೆ ಎಂದು ಕಥೆ ಹೊಸೆದ. ಆಮೇಲೆ ತಮ್ಮ ಭಾಷೆಯಲ್ಲಿ, "ತಲೆ ಆಡಿಸು ಸಾಕು, ಬಾಯಿ ಬಿಡಬೇಡ," ಎಂದ.

ಇದ್ರಿಸು ತನಗೆ ಬರುವ ಹರಕು ಫ್ರೆಂಚಿನಲ್ಲೇ ಹೇಳಿದ: "ಕೆತ್ತಿದೋನು ನಾನೇ, ತಾಯಿ. ಇನ್ನೂ ವರ್ಷ ಆಗಿಲ್ಲ. ಇದು ನಮ್ಮಕ್ಕನ ಮುಖ. ಮೂಸಿ ನೋಡಿ, ಬರೀ ಕೋಳಿ ಹೇಲು."

ಅವಳು ಮುಖ ಸಿಂಡರಿಸಿದಳು, ಅರೂನಾನನ್ನು ನೋಡಿ ಅಲ್ಲ, ಇದ್ರಿಸುವನ್ನು ನೋಡಿ. ಕೈ ಒರೆಸಿಕೊಂಡು, ಹೊಸದಾದರೆ ಬೇಡವೆಂದಳು. ಗೋಡೆಯ ಇನ್ನೊಂದು ಮುಖವಾಡ ತೋರಿಸಿ, ಅದು ಹಳೆಯದೇ ಎಂದು ಕೇಳಿದಳು. ಹೌದೆಂದ ಅರೂನಾ. ಅದನ್ನು ಎದೆಗವಚಿಕೊಂಡು ಹೋದಳು. ಅದೂ ಅದೇ ಗುಂಡಿಯದು.

ಇದ್ರಿಸು ಅಕ್ಕನ ಮುಖವನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ. ನಾತ ಮರದೊಳಗೆ ಇಳಿದುಬಿಟ್ಟಿತ್ತು. ಕೊನೆಗೆ ನನ್ನ ಹತ್ತಿರ ಬಂದ.

"ನಿನ್ನ ಒಲೆ ಕೊಡ್ತೀಯಾ ತಂಗಿ?"

ಕೊಟ್ಟೆ. ಮರ ಉರಿಯುವಾಗ ಎದ್ದ ಹೊಗೆಗೆ ಅಂಗಡಿಯವರೆಲ್ಲ ಮೂಗು ಮುಚ್ಚಿಕೊಂಡರು, ಅವನೊಬ್ಬನೇ ಮುಚ್ಚಿಕೊಳ್ಳಲಿಲ್ಲ. ನಾನು ಆ ದಿನದ ಮೀನನ್ನೆಲ್ಲ ಎಸೆದೆ. ಸಂಜೆ ಮಗಳ ಮನೆಯಲ್ಲಿ ಎಷ್ಟು ಹೇಳಿದರೂ ಅವನು ತನ್ನ ಕೈ ಮೂಸಿಕೊಂಡನೇ ಹೊರತು ಮೊಮ್ಮಗುವನ್ನು ಎತ್ತಿಕೊಳ್ಳಲಿಲ್ಲವಂತೆ.

ಅರೂನಾನಿಗೆ ಬೇರೆ ಕೆತ್ತನೆಯವರು ಸಿಕ್ಕರು. ಗುಂಡಿ ಈಗ ಎರಡಾಗಿವೆ. ಇದ್ರಿಸು ಮುಖವಾಡ ಬಿಟ್ಟು ಮರದ ಒರಳು ಕೆತ್ತುತ್ತಾನೆ. ಫುಂಬಾನಿನ ಹೆಂಗಸರು ಅವನ ಮನೆಗೇ ಬಂದು, ಹೊಸ ಮರದ ವಾಸನೆ ನೋಡಿ, ಕೆಸುವಿನ ಗೆಡ್ಡೆ ಕುಟ್ಟಲು ಕೊಂಡೊಯ್ಯುತ್ತಾರೆ.