ಬೆಣ್ಣೆಯ ಆಮ್ಲ ತುಂಬುವವಳು

ಕೂದಲಲ್ಲಿ ಇನ್ನೂ ವಾಸನೆ ಇದೆಯೇ? ಬೆಳಕು ಹರಿಯುವ ಹೊತ್ತಿಗೆ ಎಸೆನ್ಸ್ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಜಡೆಯ ತುದಿಯನ್ನು ಮೂಗಿಗೆ ಹಿಡಿದು ಆಕೆ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಏನೂ ತಿಳಿಯುವುದಿಲ್ಲ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ದುಡಿದ ಮೂಗು ಒಗ್ಗಿಹೋಗಿದೆ.

ಎಲ್ಲರೂ ಬೆಣ್ಣೆಕ್ಕ ಎಂದೇ ಕರೆಯುವ ಆಕೆಯ ಕೆಲಸ, ಬ್ಯುಟಿರಿಕ್ ಆಮ್ಲವನ್ನು ಡ್ರಮ್ಮಿನಿಂದ ಸೀಸೆಗಳಿಗೆ ಅಳೆದು ತುಂಬುವುದು. ಬೆಣ್ಣೆಯಲ್ಲಿ ತಾನಾಗಿಯೇ ಇರುವ ವಸ್ತುವಿದು. ಕೊಬ್ಬಿಗೆ ಅಂಟಿಕೊಂಡಿರುವಷ್ಟು ದಿನ ಸದ್ದಿಲ್ಲ. ಬೆಣ್ಣೆ ಕೆಟ್ಟು ಆಮ್ಲ ಬಿಡಿಯಾಯಿತೋ, ಮೂಗು ಮುಚ್ಚಿಕೊಳ್ಳಬೇಕು. "ಮನೆಮಂದಿ ಜೊತೆ ಇದ್ದಾಗ ಸಾಧು, ಒಂಟಿ ಬಿಟ್ರೆ ಊರಿಗೆಲ್ಲಾ ರಂಪ" ಎಂದು ನಗುತ್ತಾಳೆ. ಅದನ್ನೇ ಮದ್ಯಸಾರದೊಂದಿಗೆ ಹದವಾಗಿ ಕಾಯಿಸಿದರೆ ಅನಾನಸ್ಸಿನ ಘಮ. ಹನಿಯಷ್ಟು ಬೆರೆತರೆ ಬಿಸ್ಕತ್ತಿಗೆ ಬೆಣ್ಣೆಯ ರುಚಿ. ನಾವು ತಿಂದ ನಾರಿನಿಂದ ನಮ್ಮ ಕರುಳಿನೊಳಗೂ ಇದು ಹುಟ್ಟುತ್ತದೆ. ಕರುಳಿನ ಒಳಪದರಕ್ಕೆ ಇದೇ ಊಟ.

ಈ ಕೋಣೆಯವರಿಗೊಂದು ರೂಢಿಯಿದೆ. ಸಂಜೆ ಮಿಂದು, ಬಟ್ಟೆ ಬದಲಿಸಿ, ಗೇಟಿನ ಮುದುಕ ಕಾವಲುಗಾರನ ಮುಂದೆ ಸಾಲಾಗಿ ನಿಲ್ಲುತ್ತಾರೆ. ತಮ್ಮ ಮೂಗನ್ನು ತಾವೇ ನಂಬುವಂತಿಲ್ಲವಲ್ಲ! ಅವನು ಮೂಸಿ ನೋಡಿ "ಪಾಸ್" ಎಂದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಹಿಂದೊಮ್ಮೆ ಬೆಣ್ಣೆಕ್ಕ ಅವನ ಮಾತು ಕೇಳದೆ ಬಸ್ಸು ಹತ್ತಿದಾಗ ಅಕ್ಕಪಕ್ಕದವರೆಲ್ಲ ಎದ್ದುಹೋಗಿದ್ದರು. "ಮೂರು ಸೀಟಲ್ಲಿ ಒಬ್ಳೇ, ರಾಣಿ ಥರ ಬಂದೆ" ಎನ್ನುತ್ತಾಳೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ತಂಗಿಗೆ ಹೆಣ್ಣುಮಗು ಹುಟ್ಟಿ ಎರಡು ತಿಂಗಳಾಗುತ್ತ ಬಂತು. ಅಮ್ಮನಿಲ್ಲದ ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಆದರೂ ಮಗುವನ್ನು ನೋಡಿಲ್ಲ. ಒಮ್ಮೆ ತಂಗಿಯ ಬೀದಿಯ ತಿರುವಿನವರೆಗೂ ಹೋಗಿ, ಕೂಸಿಗೆಂದು ಕೊಂಡ ಟೋಪಿಯ ಪೊಟ್ಟಣವನ್ನು ಎದೆಗವಚಿಕೊಂಡು ಹಿಂತಿರುಗಿದ್ದಾಳೆ. "ಎಳೇ ಕೂಸು. ದೊಡ್ಡಮ್ಮ ಎತ್ಕೊಂಡ ತಕ್ಷಣ ಮುಖ ತಿರುಗಿಸಿಬಿಟ್ರೆ?"

ಈ ಸಂಜೆಯೂ ಕಾವಲುಗಾರ ಮೂಗು ಸಿಂಡರಿಸುತ್ತಾನೆ. "ಸ್ವಲ್ಪ ಇದೆ ಕಣಮ್ಮ."

"ನಿಂದೇನ್ ಮೂಗು ತಾತಾ, ನಾಯಿಗೂ ಹೀಗಿರಲ್ಲ!"

"ಸುಳ್ಳು ಹೇಳಿ ಬಸ್ಸಲ್ಲಿ ನಿನ್ನ ಬೈಸ್ಲಾ?"

ಅಷ್ಟರಲ್ಲಿ ಫೋನು ರಿಂಗಾಗುತ್ತದೆ. ತಂಗಿ.

"ಇವತ್ತೂ ಓವರ್‌ಟೈಮಾ ಅಕ್ಕಾ? ನಿನಗೆ ನನ್ ಮಗು ಬೇಡ್ವಾ?"

ಹೌದು ಕಣೇ, ಓವರ್‌ಟೈಮು ಎಂಬ ಮಾತು ಎಂದಿನಂತೆ ನಾಲಿಗೆಯ ತುದಿಗೆ ಬರುತ್ತದೆ. ಫೋನಿನ ಆಚೆ ಮಗು ಅಳುತ್ತಿದೆ. ಬೆಣ್ಣೆಕ್ಕನ ಖಾಲಿ ತೋಳು ತನ್ನಷ್ಟಕ್ಕೇ ತೂಗತೊಡಗುತ್ತದೆ.

"ಓವರ್‌ಟೈಮ್ ಇಲ್ವೇ. ನಾನು ನಾರ್ತೀನಿ, ಅದಕ್ಕೇ ಬರ್ಲಿಲ್ಲ. ಅವಳನ್ನ ಎತ್ಕೋಬೇಕು ಕಣೇ. ಇನ್ನು ತಡ್ಕೊಳ್ಳೋಕೆ ಆಗ್ತಿಲ್ಲ."