ಕೋರ್ಟಿನ ಮುಂದಿಟ್ಟ ಮಲ್ಲಿಗೆ

ಮೊನ್ನೆ ಇಲ್ಲಿ ಮಲೇಷ್ಯಾದ ಮೆಲಾಕಾದಲ್ಲಿ, ತಮಿಳರ ಹೂವಿನಂಗಡಿಯಲ್ಲಿ ಮಲ್ಲಿಗೆ ಕೈಗೆ ಬಂದಾಗ ಮುಖ ತಿರುಗಿಸಿಕೊಂಡೇ ದುಡ್ಡು ಕೊಟ್ಟೆ. ಮಲ್ಲಿಗೆಯ ವಾಸನೆಗೆ ಯಾರಾದರೂ ಮುಖ ತಿರುಗಿಸುತ್ತಾರೆಯೇ? ನಾನು ತಿರುಗಿಸುತ್ತೇನೆ, ಪಕ್ಕದ ಮನೆಯ ಅಕ್ಕ ಹೋದಾಗಿನಿಂದ...

ಅಕ್ಕ ಉಡುಪಿಯವರು, ನಾನು ಮೈಸೂರಿನವಳು. ಇಬ್ಬರೂ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ನನ್ನ ಸಾರು ಬಾಯಿಗಿಟ್ಟರೆ ಸಾಕು, "ಎಂತ ಮಾರಾಯ್ತಿ, ನಿಮ್ಮಲ್ಲಿ ತೆಂಗಿನಕಾಯಿಗೆ ಬರವಾ?" ಎಂದು ಛೇಡಿಸುವರು. ಮಕ್ಕಳಿರಲಿಲ್ಲ, ಗಂಡನೇ ಅವರ ಲೋಕ. ಆ ಭಾವ ತಾಯಿಯ ಉತ್ತರಕ್ರಿಯೆಗೆಂದು ಉಡುಪಿಗೆ ಹೋದರು. ಹಿಂದೆಯೇ ಕೊರೊನಾ ಬಂದು ಗಡಿ ಮುಚ್ಚಿತು. ಕೆಲವೇ ತಿಂಗಳಲ್ಲಿ ಅಕ್ಕನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ವಿಮಾನ ಹತ್ತುವ ಸ್ಥಿತಿಯಲ್ಲಿ ಅವರಿರಲಿಲ್ಲ. ಸ್ವತಃ ಡಾಕ್ಟರು, ಹೆಚ್ಚು ಕಾಲ ಉಳಿದಿಲ್ಲವೆಂದು ಬೇರೆಯವರು ಹೇಳಬೇಕಿರಲಿಲ್ಲ. ಗಂಡ ಬರಬೇಕು, ಅಷ್ಟೇ ಅವರ ಆಸೆ.

ಭಾವ ಮತ್ತೆ ಮತ್ತೆ ಅರ್ಜಿ ಹಾಕಿದರು. ಪ್ರತಿ ಸಲವೂ ಒಂದೇ ಉತ್ತರ, ಒಳಗೆ ಬರಲು ಅನುಮತಿ ಇಲ್ಲ. ಯಾಕೆ? ಹೇಳುವವರೇ ಇಲ್ಲ. ಕೊನೆಗೆ ಅಕ್ಕ ಕೋರ್ಟಿನ ಮೆಟ್ಟಿಲು ಹತ್ತಿದರು. ದೇಶದೊಳಗೆ ಯಾರನ್ನು ಬಿಡಬೇಕೆಂಬ ತೀರ್ಮಾನವನ್ನು ಕೋರ್ಟು ಮುಟ್ಟದಂತೆ ಕಾನೂನೇ ಬೇಲಿ ಹಾಕಿದೆ, ಅರ್ಜಿ ನೋಡಿದ ಕ್ರಮ ತಪ್ಪಿದ್ದರೆ ಮಾತ್ರ ನೋಡಬಹುದು ಎಂದು ಅಕ್ಕನ ತಮಿಳು ವಕೀಲರು ಮೊದಲೇ ಎಚ್ಚರಿಸಿದ್ದರು. ಅಕ್ಕ ನಂಬಲಿಲ್ಲ.

"ನಮ್ಮ ಬದಿಯಲ್ಲಿ ದೈವದ ಎದುರು ದೂರು ಹೇಳಿದ್ರೆ ಕೇಳದೆ ಕಳಿಸುದುಂಟಾ? ಇದು ನನಗೆ ಸಂಬಂಧ ಇಲ್ಲ ಅಂತ ಯಾವ ದೈವ ಹೇಳ್ತದೆ?"

"ಅಕ್ಕಾ, ಜಡ್ಜು ದೈವ ಅಲ್ಲ" ಎಂದೆ.

"ನ್ಯಾಯ ಹೇಳುವ ಜಾಗ ಅಲ್ವಾ ಮತ್ತೆ?"

ವಿಚಾರಣೆ ವಿಡಿಯೋದಲ್ಲಿ ನಡೆಯುವುದಿತ್ತು. ಆ ಬೆಳಿಗ್ಗೆ ಹೋಗಿ ನೋಡುತ್ತೇನೆ, ಅಯ್ಯೋ ದೇವರೇ! ಕೂದಲುದುರಿದ ತಲೆಗೆ ಸೆರಗು ಹೊದ್ದು, ರೇಷ್ಮೆ ಸೀರೆಯುಟ್ಟು, ಅಕ್ಕ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟಿದ್ದಾರೆ. ಅದರ ಮುಂದೆ ಬಾಳೆಲೆಯ ತುಂಡಿನಲ್ಲಿ ಒಂದು ಚೆಂಡು ಮಲ್ಲಿಗೆ. ದೂರು ಹೇಳಲು ಬರಿಗೈಯಲ್ಲಿ ಹೋಗಬಾರದಂತೆ! ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿ ನನಗೆ ಒಪ್ಪಿಸಿಯೂ ತೋರಿಸಿದರು.

ಆದರೆ ಮಾತಾಡಲು ಅವಕಾಶವಿದ್ದದ್ದು ವಕೀಲರಿಗೆ ಮಾತ್ರ. ಅಕ್ಕನ ಕ್ಯಾಮೆರಾ, ಮೈಕು ಎರಡನ್ನೂ ಮುಚ್ಚಿಸಿದ್ದರು. ಜಡ್ಜು ಮೃದುವಾಗಿಯೇ ಹೇಳಿದರು... ಈ ಕುಟುಂಬದ ಬಗ್ಗೆ ಮರುಕವಿದೆ, ಆದರೆ ಕಾರಣ ಕೇಳುವ ಅಧಿಕಾರ ಈ ಕೋರ್ಟಿಗಿಲ್ಲ. ನನ್ನ ಮೈಯೆಲ್ಲ ಉರಿಯಿತು. ಗದರಿಸಿದ್ದರೂ ವಾಸಿಯಿತ್ತು, ಕೂಗಾಡಲಾದರೂ ಒಬ್ಬರು ಸಿಗುತ್ತಿದ್ದರು.

ಆಮೇಲೆ ವಕೀಲರ ಫೋನು ಬಂತು. "ಕೋರ್ಟ್ ಕೆನಾಟ್ ಆಸ್ಕ್ ವೈ, ಲಾ..." ಎಂದು, ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಹೇಳಿ ಫೋನಿಟ್ಟರು. ಅಕ್ಕ ಅಳಲಿಲ್ಲ. ಕಪ್ಪಾದ ಪರದೆಯನ್ನೇ ನೋಡುತ್ತ, "ನಾನು ಮಾತಾಡ್ಲೇ ಇಲ್ಲ ಅಲ್ವಾ?" ಎಂದರು.

ಮುಂದಿನ ತಿಂಗಳು ಅವರು ತೀರಿಕೊಂಡರು. ನಾನು ಹಿಡಿದ ಫೋನಿನಲ್ಲಿ ಭಾವ ಉಡುಪಿಯಿಂದ ಹೆಂಡತಿಯ ಅಂತ್ಯಕ್ರಿಯೆ ನೋಡಿದರು. ಮಧ್ಯೆ ಮಧ್ಯೆ ನೆಟ್‌ವರ್ಕ್ ಕಡಿಯುತ್ತಿತ್ತು. ಅದೂ ಅವರಿಗೆ ಸರಿಯಾಗಿ ಕಾಣಲಿಲ್ಲವೇನೋ...

ಗಡಿ ತೆರೆದ ಮೇಲೆ ಭಾವ ಮನೆ ಖಾಲಿ ಮಾಡಲು ಬಂದರು. ಈ ಸಲ ಏರ್‌ಪೋರ್ಟಿನಲ್ಲಿ ಒಂದು ಮಾತೂ ಕೇಳದೆ ಒಳಗೆ ಬಿಟ್ಟರಂತೆ. ಕಾಫಿ ಲೋಟ ಹಿಡಿದು ಕೂತವರು, "ಆಗ ಯಾಕೆ ಬೇಡ ಅಂದದ್ದು? ನಿಮಗೇನಾದ್ರೂ ಗೊತ್ತುಂಟಾ?" ಎಂದರು. ಕಾಫಿ ಆರುತ್ತದೆ, ಕುಡಿಯಿರಿ ಎಂದೆ.

ಮೊನ್ನೆ ತಂದ ಮಲ್ಲಿಗೆಯನ್ನು ಮುಡಿಯಲಿಲ್ಲ, ದೇವರಿಗೂ ಇಡಲಿಲ್ಲ. ಅಕ್ಕ ಇಲ್ಲದ ಆ ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಹೂವಿಟ್ಟು, ಅಕ್ಕ ಒಪ್ಪಿಸಿದ್ದ ಮಾತನ್ನು ಅವರ ಹಾಗೆಯೇ ಗಟ್ಟಿಯಾಗಿ ಹೇಳಿದೆ. "ಸ್ವಾಮೀ, ನನ್ನ ಗಂಡ ಒಂದು ಸಲ ಬಂದು ಹೋಗ್ಲಿ. ಮತ್ತೆ ಬೇಕಾದ್ರೆ ಯಾವತ್ತೂ ಬಿಡ್ಬೇಡಿ."