ಬೈಯದ ಡಾಕ್ಟರು

ನಮ್ಮ ರಾಜಾಜಿನಗರದ ಡಾಕ್ಟರು ಬೈದರೆ ಮಾತ್ರ ಕಾಯಿಲೆ ಇದೆ ಎಂದು ಅಪ್ಪನ ಲೆಕ್ಕ. ಅಪ್ಪ ಒಬ್ಬರೇ ಏನು, ಇಡೀ ಬ್ಲಾಕೇ ಹಾಗಿತ್ತು. “ಇವತ್ತು ಚೆನ್ನಾಗಿ ಉಗಿಸ್ಕೊಂಡೆ” ಎಂದು ಬಂದವರು ಹೊತ್ತುಹೊತ್ತಿಗೆ ಮಾತ್ರೆ ನುಂಗುತ್ತಿದ್ದರು. ಬೈಗುಳ ಸಿಗದವರು ಬಾಟಲಿಯ ಕೆಂಪು ಔಷಧಿಯನ್ನು ಅರ್ಧಕ್ಕೇ ಬಚ್ಚಲಿಗೆ ಚೆಲ್ಲುತ್ತಿದ್ದರು. ಎಂಥ ಜನವೋ! “ಸಾಯ್ಬೇಕು ಅಂತಿದೀರೇನ್ರೀ? ತಲೆ ನೆಟ್ಟಗಿದ್ಯಾ?” ಎಂದು ಅವರು ಒಮ್ಮೆ ಗುಡುಗಿದ್ದಕ್ಕೇ ಅಪ್ಪ ಬೀಡಿ ಬಿಟ್ಟಿದ್ದರು. ಅಮ್ಮ ವರ್ಷಗಟ್ಟಲೆ ಗೋಗರೆದರೂ ಆಗದ ಕೆಲಸ ಅದು.

ಎಪ್ಪತ್ತರ ದಶಕದ ನಡುವೆ, ಕೆಂಗೇರಿಯಲ್ಲಿದ್ದ ದೊಡ್ಡಪ್ಪ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ, ನಿದ್ದೆ ಬರುತ್ತಿಲ್ಲವೆಂದು ಅಪ್ಪ ಡಾಕ್ಟರ ಶಾಪಿಗೆ ಹೋದರು. ಆಗಷ್ಟೇ ಪಿಯುಸಿ ಮುಗಿಸಿದ್ದ ನಾನೂ ಜೊತೆಗಿದ್ದೆ. ದೊಡ್ಡಪ್ಪನ ಸುದ್ದಿ ಕೇಳಿದ ಡಾಕ್ಟರು ಸ್ಟೆತಾಸ್ಕೋಪು ಕೆಳಗಿಟ್ಟರು.

“ಒಡಹುಟ್ಟಿದವರಿಗೆ ಬಂದಿದೆ ಅಂದ್ಮೇಲೆ ನೀವೂ ಒಂದ್ಸಲ ನೋಡಿಸ್ಕೊಳ್ಳೋದು ಒಳ್ಳೇದು. ದೊಡ್ಡಾಸ್ಪತ್ರೇಲಿ ಮಲ ಪರೀಕ್ಷೆ ಮಾಡ್ತಾರೆ, ಹಿಂದಿನಿಂದ ಕೊಳವೆ ಹಾಕಿ ಕರುಳು ನೋಡ್ತಾರೆ. ಅವಸರ ಏನಿಲ್ಲ, ಅನುಕೂಲ ಆದಾಗ ಹೋಗ್ಬನ್ನಿ” ಎಂದರು. ಅಣ್ಣನನ್ನು ಕಳೆದುಕೊಂಡು ಬಂದವರನ್ನು ಹೇಗೆ ಗದರುವುದೆಂದು ಪಾಪ ಮೆತ್ತಗೆ ಮಾತಾಡಿದ್ದರು.

ಅಪ್ಪ ಮನೆಗೆ ಬಂದವರೇ ಅಮ್ಮನಿಗೆ, “ಏನೂ ಇಲ್ವಂತೆ ಕಣೇ. ಒಂದು ಮಾತೂ ಬೈಲಿಲ್ಲ!” ಎಂದರು.

ಡಾಕ್ಟರು ಹೇಳಿದ್ದನ್ನು ನಾನು ಒದರಿದೆ. ಅಪ್ಪ ನನ್ನ ಕಡೆ ತಿರುಗಿದರು. “ಅನುಕೂಲ ಆದಾಗ ಅಂದ್ರು. ಹಂಗಂದ್ರೆ ಬೇಡ ಅಂತ. ಹುಡುಗ ಡಾಕ್ಟರುಗಳ ಮುಂದೆ ಪಂಚೆ ಬಿಚ್ಚಿ ಮಲಗೋಕೆ ನನಗೇನು ಮಾನ ಇಲ್ವಾ?”

ಅಲ್ಲಿಗೆ ಆ ಮಾತು ನಿಂತಿತು. ಮುಂದಿನ ಬೇಸಿಗೆಯಲ್ಲಿ ಅಪ್ಪ ಉಷ್ಣ ಎನ್ನುತ್ತಾ ಚೊಂಬುಗಟ್ಟಲೆ ಮಜ್ಜಿಗೆ ಕುಡಿಯತೊಡಗಿದರು. ತಮ್ಮ ಪಂಚೆಯನ್ನು ತಾವೇ ಒಗೆದುಕೊಳ್ಳತೊಡಗಿದರು. ಲೋಟ ಕೂಡ ಎತ್ತಿಡದ ಮನುಷ್ಯ! ಅಮ್ಮನಿಗೆ ಅನುಮಾನ ಬಂದು ಒಂದು ದಿನ ಬಕೆಟ್ಟಿಗೆ ಕೈ ಹಾಕಿದರೆ, ಪಂಚೆಯ ತುಂಬಾ ರಕ್ತದ ಕಲೆ.

ಅಮ್ಮ ಒದ್ದೆ ಕೈಯಲ್ಲೇ ಡಾಕ್ಟರ ಶಾಪಿಗೆ ನಡೆದರು. ನಾನು ಹಿಂದೆಯೇ ಓಡಿದೆ. ಬೆಂಚಿನ ತುಂಬ ಜನ ಕೂತಿದ್ದರೂ ಲೆಕ್ಕಿಸದೆ, “ನೀವು ಯಾಕೆ ಸಾರ್ ಅವತ್ತು ಅವ್ರನ್ನ ಬೈಲಿಲ್ಲ?” ಎಂದು ಕೇಳಿಯೇಬಿಟ್ಟರು. ಡಾಕ್ಟರಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ಸ್ಕೂಟರು ಹತ್ತಿ ನಮ್ಮ ಗೇಟಿಗೇ ಬಂದು, ಬೀದಿಗೆಲ್ಲ ಕೇಳುವ ಹಾಗೆ ಅಪ್ಪನಿಗೆ ಮಂಗಳಾರತಿ ಎತ್ತಿದರು. ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಾಯಿ ಮುಚ್ಚಿಕೊಂಡು ದೊಡ್ಡಾಸ್ಪತ್ರೆಯ ಬಸ್ಸು ಹತ್ತಿದರು. ನನಗೆ ಮೈಯೆಲ್ಲ ಉರಿಯಿತು. ಅವತ್ತೂ ಇಷ್ಟೇ ಸಾಕಾಗಿತ್ತಲ್ಲ!

ಆಪರೇಷನ್ನಿಗೆಂದು ಹೊಟ್ಟೆ ಕೊಯ್ದವರು ಏನೂ ತೆಗೆಯದೆ ಹಾಗೆಯೇ ಹೊಲಿದರು. ಕ್ಯಾನ್ಸರು ಲಿವರಿಗೂ ಹರಡಿತ್ತು. ದೊಡ್ಡ ಡಾಕ್ಟರು ಅಮ್ಮನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. ರೋಗಿಗೆ ಇಂಥದ್ದನ್ನೆಲ್ಲ ಹೇಳುವ ಪದ್ಧತಿ ಆಗ ಇರಲಿಲ್ಲ. “ಗಡ್ಡೆ ತೆಗೆದ್ರು, ಇನ್ನೇನು ಮನೆಗೆ ಹೋಗೋದೇ” ಎಂದು ನಾವು ಒಂದೇ ಬಾಯಲ್ಲಿ ಸುಳ್ಳು ಹೇಳಿದೆವು. ಅಪ್ಪ ನಂಬಿದರು.

ಒಂದು ಮಧ್ಯಾಹ್ನ ನಮ್ಮ ಡಾಕ್ಟರು ವಾರ್ಡಿಗೆ ಬಂದರು. ಮಂಚದ ಪಕ್ಕ ನಿಂತು, “ಅವತ್ತೇ ನಾನು ಗಟ್ಟಿಯಾಗಿ ಹೇಳ್ಬೇಕಿತ್ತು” ಎಂದರು. ಅವರ ಕಣ್ಣು ಕೆಂಪಾಗಿತ್ತು.

“ಛೆ ಛೆ, ನಿಮ್ಮ ತಪ್ಪೇನಿದೆ ಸಾರ್? ಹೋಗದೆ ಇದ್ದಿದ್ದು ನಾನು. ಹೆಂಗೋ ತೆಗೆದ್ರಲ್ಲ, ಬಿಡಿ” ಎಂದು ಅಪ್ಪ ಅವರನ್ನೇ ಸಮಾಧಾನ ಮಾಡತೊಡಗಿದರು.

ಗಂಜಿ ಬಗ್ಗಿಸುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. “ತಪ್ಪು ಯಾರದ್ದಾದ್ರೂ ಇರ್ಲಿ, ಜೀವ ಹೋಗ್ತಿರೋದು ನಿಮ್ದು ತಾನೇ!” ಎಂದುಬಿಟ್ಟರು. ಅಂದವರೇ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಅಪ್ಪ ಅಮ್ಮನನ್ನು ನೋಡಿದರು, ಆಮೇಲೆ ಡಾಕ್ಟರನ್ನು. ಯಾರೂ ಅಲ್ಲವೆನ್ನಲಿಲ್ಲ. ಅಪ್ಪನಿಗೆ ವಿಷಯ ತಿಳಿದದ್ದು ಹಾಗೆ.